ನಲವತ್ತೊಂದನೆಯ ಅಡಿಟಿಪ್ಪಣಿ

ಸೋಮವಾರ ಬೆಳಿಗ್ಗೆ ಜಿಪಾರಾ ಕಚೇರಿಗೆ ಬಂದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಕಂಪ್ಯೂಟರಿನ ಮುಂದೆ ಕೂತರೆ, ಹನ್ನೊಂದು ವರ್ಷದಿಂದ ಅವಳೇ ಸಾಕಿ ಬೆಳೆಸಿದ ಉಲ್ಲೇಖಗಳ ಪಟ್ಟಿಯ ಮುಖವೇ ಬದಲಾಗಿತ್ತು. ಎಡಗಡೆ ಇದ್ದದ್ದು ಬಲಕ್ಕೆ ಹೋಗಿತ್ತು. ಪ್ರತಿ ತೀರ್ಪಿನ ಮುಂದೆ, ಪ್ರತಿ ಕಾನೂನಿನ ಮುಂದೆ ಒಂದೊಂದು ಬಣ್ಣದ ಚುಕ್ಕೆ ಕೂತಿತ್ತು. ಹೆಚ್ಚಿನವು ಹಸಿರು, ಅಲ್ಲೊಂದು ಇಲ್ಲೊಂದು ಹಳದಿ.

"ಯಾರಿದನ್ನ ಮುಟ್ಟಿದ್ದು?" ಅಂತ ಅವಳು ಖಾಲಿ ಕೋಣೆಗೇ ಕೇಳಿದಳು.

ಬಿಷ್ಕೆಕ್‌ನ ಆ ನಾಲ್ಕಂತಸ್ತಿನ ಹಳೆಯ ಕಟ್ಟಡದಲ್ಲಿ ಅವರದು ಎರಡೇ ಕೋಣೆಯ ವಕೀಲರ ಕಚೇರಿ. ಒಳಗಿನ ಕೋಣೆ ಸಗಿನ್‌ಬೆಕ್ ಅಗಾಯ್ ಅವರದು. ಕಾನೂನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರು. ನ್ಯಾಯಾಧೀಶರಲ್ಲಿ ಅರ್ಧ ಮಂದಿ ಅವರ ಶಿಷ್ಯರೇ ಆದ್ದರಿಂದ ಊರಿಗೆಲ್ಲ ಅವರು ಅಗಾಯ್, ಅಂದರೆ ಗುರುಗಳು. ಹೊರಗಿನ ಕೋಣೆಯಲ್ಲಿ ಜಿಪಾರಾ. ಅಗಾಯ್ ವಾದ ಬರೆದರೆ ಅದರ ಅಡಿಟಿಪ್ಪಣಿಗಳು ಅವಳ ಪಾಲು. ಯಾವ ತೀರ್ಪು, ಯಾವ ಕೋರ್ಟು, ಯಾವ ತಾರೀಖು, ಎಷ್ಟನೇ ಪುಟ ಎಂಬುದರಲ್ಲಿ ಒಂದು ಅಂಕಿ ತಪ್ಪಿದರೂ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಕಟ್ಟಡದ ಎಲ್ಲ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ವೆರಾ ತ್ಸೋಯ್ ಹತ್ತು ಗಂಟೆಗೆ ಬಂದಳು. ಐವತ್ತು ದಾಟಿದ ಕೊರಿಯನ್ ಹೆಂಗಸು. ಅವಳ ಕೈಚೀಲದಲ್ಲಿ ತಂತಿಗಳ ಜೊತೆ ಯಾವಾಗಲೂ ಖಾರ ಹಚ್ಚಿದ ಕ್ಯಾರೆಟ್ಟಿನ ಡಬ್ಬಿ ಇರುತ್ತಿತ್ತು.

"ನಾನೇ ಕಣೇ ಮುಟ್ಟಿದ್ದು. ಅಪ್‌ಡೇಟ್ ಬಂದಿತ್ತು, ಹಾಕಿದೆ. ಶನಿವಾರ ನೀನಿರಲಿಲ್ಲ."

"ನನ್ನ ಒಂದು ಮಾತು ಕೇಳೋಕೇನಾಗಿತ್ತು, ವೆರಾ ಎಜೆ?" ಹಿರಿಯ ಹೆಂಗಸರನ್ನು ಅಲ್ಲಿ ಎಜೆ, ಅಂದರೆ ಅಕ್ಕ, ಅನ್ನುವುದು ರೂಢಿ.

"ಕೇಳಿದ್ರೆ ಬೇಡ ಅಂತಿದ್ದೆ. ನಾಲ್ಕು ವರ್ಷದಿಂದ ಬೇಡ ಅಂತಾನೇ ಇದ್ದೀಯ. ಈಗ ನೋಡು, ಒಳ್ಳೇ ಕೆಲಸ ಮಾಡುತ್ತೆ. ನೀನು ಹಾಕಿರೋ ಪ್ರತಿ ತೀರ್ಪನ್ನೂ ಕೋರ್ಟಿನ ನೋಂದಣಿಯಲ್ಲಿ ತಾನೇ ಹುಡುಕುತ್ತೆ. ಸಿಕ್ಕಿದ್ರೆ ಹಸಿರು. ಹೆಸರಲ್ಲೋ ತಾರೀಖಲ್ಲೋ ಎಡವಟ್ಟಿದ್ರೆ ಹಳದಿ."

"ಮತ್ತೆ ಕೆಂಪು?"

"ಕೆಂಪು ನಿನ್ನ ಪಟ್ಟೀಲಿ ಎಲ್ಲಿಂದ ಬರಬೇಕು, ಮಹರಾಯ್ತಿ," ಅಂತ ವೆರಾ ನಕ್ಕು ಮೇಲಿನ ಮಹಡಿಗೆ ಹೋದಳು.

ಮುಂದಿನ ಸೋಮವಾರವೇ ಕೋಕ್-ದೊಬೊ ಹಳ್ಳಿಯ ಮೇಲ್ಮನವಿ ವಿಚಾರಣೆಗೆ ಬರುವುದಿತ್ತು. ಹಳ್ಳಿಯ ಬೇಸಿಗೆ ಹುಲ್ಲುಗಾವಲಲ್ಲಿ ಬಿಸಿನೀರಿನ ಬುಗ್ಗೆ ಇತ್ತು. ಅಲ್ಲಿ ರೆಸಾರ್ಟ್ ಕಟ್ಟುತ್ತೇವೆಂದು ಒಂದು ಕಂಪನಿ ಇಡೀ ಹುಲ್ಲುಗಾವಲನ್ನೇ ಗುತ್ತಿಗೆಗೆ ಬರೆಸಿಕೊಂಡು ಬೇಲಿ ಹಾಕಿತ್ತು. ಗ್ರಾಮಸಭೆಯನ್ನೇ ಕರೆದಿರಲಿಲ್ಲ. ಆದರೂ ಹಳ್ಳಿಯವರು ಕೆಳಗಿನ ಕೋರ್ಟಿನಲ್ಲಿ ಸೋತಿದ್ದರು. ಕುರಿ ಕುದುರೆಗಳಿಗೆ ಈ ಬೇಸಿಗೆ ಹೋಗಲು ಜಾಗವಿರಲಿಲ್ಲ.

ಜಿಪಾರಾ ಆ ಮೇಲ್ಮನವಿಯ ಕರಡು ತೆರೆದಳು. ಮೊದಲ ನಲವತ್ತು ಅಡಿಟಿಪ್ಪಣಿಗಳಲ್ಲಿ ಎರಡಕ್ಕೆ ಹಳದಿ, ಮಿಕ್ಕಿದ್ದೆಲ್ಲ ಹಸಿರು. ನಲವತ್ತೊಂದನೆಯದರ ಮುಂದೆ ಕೆಂಪು ಚುಕ್ಕೆ. ಅದರ ಮೇಲೆ ಬಾಣ ಇಟ್ಟರೆ ಒಂದು ಸಾಲು ಮೂಡಿತು: ನೋಂದಣಿಯಲ್ಲಿ ಇಂಥ ತೀರ್ಪು ಇಲ್ಲ.

ಅವಳಿಗೆ ನಗು ಬಂತು. ಅದು ಕೋಕ್-ದೊಬೊ ಕೋರ್ಟೇ ೨೦೧೨ರ ಮೇ ತಿಂಗಳಲ್ಲಿ ಬೇರೊಂದು ದಾವೆಯಲ್ಲಿ ಕೊಟ್ಟ ತೀರ್ಪು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಹುಲ್ಲುಗಾವಲನ್ನು ಗುತ್ತಿಗೆ ಕೊಟ್ಟರೆ ಅದು ಅನೂರ್ಜಿತ ಎಂದು ಹೇಳಿದ ತೀರ್ಪು. ಅಗಾಯ್ ಅವರ ಪಠ್ಯಪುಸ್ತಕದ ನೂರಾ ಹದಿನೆಂಟನೇ ಪುಟದಲ್ಲಿರುವಂಥದ್ದು. ಕಾನೂನು ಓದಿದವರಲ್ಲಿ ಅದನ್ನು ಬಾಯಿಪಾಠ ಮಾಡದವರಿಲ್ಲ. ಇವಳೇ ಪದವಿಯ ಪ್ರಬಂಧದಲ್ಲಿ ಅದನ್ನು ಮೂರು ಸಲ ಉಲ್ಲೇಖಿಸಿ ಹೊಗಳಿಸಿಕೊಂಡಿದ್ದಳು. ಇಲ್ಲವಂತೆ!

ಹಳೆಯ ತೀರ್ಪು, ನೋಂದಣಿಗೆ ಏರಿಸದೆ ಬಿಟ್ಟಿರಬೇಕು ಅಂದುಕೊಂಡಳು. ಆದರೆ ಅದೇ ಕೋರ್ಟಿನ ಅದೇ ವರ್ಷದ ಇನ್ನೂ ಆರು ತೀರ್ಪುಗಳು ಅವಳ ಪಟ್ಟಿಯಲ್ಲಿದ್ದವು. ಆರಕ್ಕೂ ಹಸಿರು ಚುಕ್ಕೆ. ಅವಳ ನಗು ಅಲ್ಲಿಗೆ ನಿಂತಿತು.

ಆಗ ಅವಳಿಗೆ ಮೊದಲು ಅನುಮಾನ ಬಂದದ್ದು ವೆರಾ ಮೇಲೆ. ಕಾರಣವಿಲ್ಲದೆ ಅಲ್ಲ. ಮೇಲ್ಮನವಿಗೆಂದು ಕಂಪನಿ ಹಿಡಿದಿದ್ದ ಹೊಸ ವಕೀಲ ಮೆಲಿಸ್‌ನ ಕಚೇರಿ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಅವನೂ ಅಗಾಯ್ ಅವರ ಶಿಷ್ಯನೇ, ಜಿಪಾರಾಳ ಸಹಪಾಠಿ. ಅವನ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತಿದ್ದವಳು ವೆರಾ. ವಿಚಾರಣೆಗೆ ಒಂದು ವಾರವಿರುವಾಗ, ತಾನು ರಜೆಯಲ್ಲಿದ್ದ ಶನಿವಾರವೇ ನೋಡಿ, ಹೇಳದೆ ಕೇಳದೆ ಅಪ್‌ಡೇಟ್ ಹಾಕಿದ್ದು, ಸರಿಯಾಗಿ ಹಳ್ಳಿಯವರ ಬೆನ್ನೆಲುಬಿನಂಥ ತೀರ್ಪಿಗೇ ಕೆಂಪು ಬಿದ್ದದ್ದು, ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತಿದ್ದವು.

ಮಂಗಳವಾರ ಮಧ್ಯಾಹ್ನ ಯಾವುದೋ ನೆಪ ಮಾಡಿಕೊಂಡು ಅವಳು ಮೂರನೇ ಮಹಡಿಗೆ ಹತ್ತಿದಳು. ಮೆಲಿಸ್‌ನ ಬಾಗಿಲು ತೆರೆದಿತ್ತು. ಒಳಗೆ ವೆರಾ ಮಾಂಸ ತುಂಬಿದ ಬಿಸಿ ಸಂಸಾ ಕಚ್ಚುತ್ತ ಅವನ ಜೊತೆ ಕೇಕೆ ಹಾಕಿ ನಗುತ್ತಿದ್ದಳು. ಜಿಪಾರಾಳನ್ನು ಕಂಡದ್ದೇ ಇಬ್ಬರೂ ನಗು ನಿಲ್ಲಿಸಿದರು.

"ಓಹೋ, ಅಡಿಟಿಪ್ಪಣಿಗಳ ಮಹಾರಾಣಿ! ಬಾ, ಚಹಾ ಕುಡಿ," ಅಂದ ಮೆಲಿಸ್. "ಅಗಾಯ್ ಹೇಗಿದ್ದಾರೆ? ಸೋಮವಾರ ನನ್ನ ಕಿವಿ ಹಿಂಡ್ತಾರಾ?"

"ಹಿಂಡೋಕೆ ನಿನಗೆ ಕಿವಿ ಎಲ್ಲಿದೆ? ಕ್ಲಾಸಲ್ಲೇ ಇರಲಿಲ್ಲ," ಅಂದು ಅವಳು ಇಳಿದು ಬಂದಳು. ಮೆಟ್ಟಿಲ ಮೇಲೆ ವೆರಾ ಹಿಂದೆಯೇ ಬಂದು ಅವಳನ್ನು ಹಿಡಿದಳು.

"ಏನೇ ಅದು, ಕಳ್ಳಿಯನ್ನ ನೋಡಿದ ಹಾಗೆ ನೋಡ್ದೆ?"

"ಎಜೆ, ನೇರವಾಗಿ ಕೇಳ್ತೀನಿ. ಹೊರಗಿನವರು ಯಾರಾದ್ರೂ ನನ್ನ ಪಟ್ಟೀಲಿ ಚುಕ್ಕೆ ಬದಲಾಯಿಸಬಹುದಾ? ಹಸಿರಿದ್ದದ್ದನ್ನ ಕೆಂಪು ಮಾಡಬಹುದಾ?"

ವೆರಾ ಹಿಡಿದಿದ್ದ ಕೈ ಬಿಟ್ಟಳು. "ನೀನೇ ಮಾಡಿದ್ದಾ ಅಂತ ಯಾಕೆ ಕೇಳಲ್ಲ? ಹೊರಗಿನವರಂತೆ! ನಿಮ್ಮ ಕಚೇರಿಯ ಮಾತು ಅವರಿಗೆ, ಅವರ ಮಾತು ನಿಮಗೆ ಸಾಗಿಸಿದ್ರೆ ಇಪ್ಪತ್ತು ವರ್ಷ ಈ ಕಟ್ಟಡದಲ್ಲಿ ಇರ್ತಿದ್ನಾ? ಬಾ ಕೆಳಗೆ."

ಕೆಳಗೆ ಬಂದು, ನಿಂತುಕೊಂಡೇ ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಇದು ಹೊಸದರಲ್ಲಿ ಬಂದಿರೋದು. ಒಂದೊಂದು ಉಲ್ಲೇಖ ಎಲ್ಲಿಂದ ಬಂತು, ಯಾರಿಂದ ಯಾರು ಎತ್ತಿಕೊಂಡ್ರು ಅಂತ ತೋರಿಸುತ್ತೆ. ನೀನೇ ನೋಡ್ಕೋ. ನನ್ನ ಹೆಸರಿದ್ರೆ ಬಂದು ಹೇಳು," ಅಂದು ಬಾಗಿಲು ದಢಾರನೆ ಎಳೆದುಕೊಂಡು ಹೋದಳು.

ಪರದೆಯ ಮೇಲೆ ಬೇರು ಬಿಟ್ಟ ಗಿಡದಂಥ ಚಿತ್ರವಿತ್ತು. ಆ ತೀರ್ಪನ್ನು ಉಲ್ಲೇಖಿಸಿದ ಹದಿನೇಳು ಲೇಖನಗಳು, ನಾಲ್ಕು ಪ್ರಬಂಧಗಳು, ಎಂಟು ಮೇಲ್ಮನವಿಗಳು ಅದರಲ್ಲಿದ್ದವು. ಜಿಪಾರಾ ಒಂದೊಂದರ ಗೆರೆ ಹಿಡಿದು ಹಿಂದಕ್ಕೆ ಹೋದಳು. ಅಷ್ಟೂ ಗೆರೆಗಳು ಬಂದು ಸೇರಿದ್ದು ಒಂದೇ ಕಡೆ, ಅಗಾಯ್ ಅವರ ಪುಸ್ತಕದ ನೂರಾ ಹದಿನೆಂಟನೇ ಪುಟಕ್ಕೆ. ಅಲ್ಲಿಂದಾಚೆ ಕೋರ್ಟಿನ ಕಡೆಗೆ ಹೋಗುವ ಗೆರೆ ಒಂದೂ ಇರಲಿಲ್ಲ. ಮೂಲ ತೀರ್ಪನ್ನು ಕಣ್ಣಾರೆ ಕಂಡವರೇ ಇಲ್ಲ. ಅವಳೂ ಕಂಡಿರಲಿಲ್ಲ.

ಅವಳು ಎದ್ದಳು. ಒಳಕೋಣೆಯ ಬಾಗಿಲು ತಟ್ಟಿದಳು.

ಸಗಿನ್‌ಬೆಕ್ ಅಗಾಯ್ ಕಿಟಕಿಯ ಬಳಿ ಕೂತು ಬಟ್ಟಲಲ್ಲಿ ಚಹಾ ಹೀರುತ್ತಿದ್ದರು. ಎಪ್ಪತ್ತೊಂದರ ಮುದುಕರು. ಬಿಳಿ ಕಲ್ಪಾಕ್ ಟೋಪಿ ಮೇಜಿನ ಮೇಲಿತ್ತು, ಊರುಗೋಲು ಗೋಡೆಗೆ ಒರಗಿತ್ತು.

"ಅಗಾಯ್, ೨೦೧೨ರ ಕೋಕ್-ದೊಬೊ ತೀರ್ಪಿನ ಪ್ರತಿ ನಿಮ್ಮ ಹತ್ರ ಇದೆಯಾ?"

ಬಟ್ಟಲು ತುಟಿಯ ಹತ್ತಿರ ಒಂದು ಗಳಿಗೆ ನಿಂತು ಮತ್ತೆ ಮುಂದಕ್ಕೆ ಹೋಯಿತು. "ಪ್ರತಿ ಯಾಕಮ್ಮ? ನಿನಗೆ ಬಾಯಿಗೇ ಬರುತ್ತಲ್ಲ."

"ಹೊಸ ಅಪ್‌ಡೇಟ್ ಅದನ್ನ ಇಲ್ಲ ಅಂತ ತೋರಿಸ್ತಿದೆ."

"ಯಂತ್ರಕ್ಕೇನು ಗೊತ್ತು ಬದನೆಕಾಯಿ! ಅದನ್ನ ಮಾಡಿದವರು ಎಂದಾದರೂ ಕೋರ್ಟಿನ ಮೆಟ್ಟಿಲು ಹತ್ತಿದ್ದಾರಾ? ಆ ವೆರಾಗೆ ಹೇಳಿ ಹಳೇದನ್ನೇ ಹಾಕಿಸು." ಅಲ್ಲಿಯವರೆಗೂ ನಗುನಗುತ್ತಲೇ ಇದ್ದವರು ಇದ್ದಕ್ಕಿದ್ದಂತೆ ದನಿ ಏರಿಸಿದರು. "ಮೂವತ್ತು ವರ್ಷ ಪಾಠ ಹೇಳಿದವನು ನಾನು. ಚುಕ್ಕೆ ನೋಡಿಕೊಂಡು ನನ್ನನ್ನ ಪರೀಕ್ಷೆ ಮಾಡ್ತೀಯಾ?"

ಹನ್ನೊಂದು ವರ್ಷದಲ್ಲಿ ಅವರು ಅವಳ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಜಿಪಾರಾ ಕ್ಷಮೆ ಕೇಳಿ ಹೊರಗೆ ಬಂದಳು. ಹಳೆಯದನ್ನು ಮಾತ್ರ ಹಾಕಿಸಲಿಲ್ಲ.

ಬುಧವಾರ ಹಲ್ಲುನೋವೆಂದು ಸುಳ್ಳು ಹೇಳಿ ಕೋಕ್-ದೊಬೊಗೆ ಹೋಗುವ ಮಿನಿಬಸ್ಸು ಹತ್ತಿದಳು. ಮೂರೂವರೆ ಗಂಟೆಯ ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡಳು. ಹಳ್ಳಿಯಿಂದ ಬಂದು ಊಟಕ್ಕೂ ಪರದಾಡುತ್ತಿದ್ದವಳಿಗೆ ಓದಿಸಿ ಕೆಲಸ ಕೊಟ್ಟವರು ಅಗಾಯ್. ಅಂಥವರ ಬೆನ್ನ ಹಿಂದೆ ಹೀಗೆ ಪತ್ತೇದಾರಿಕೆ ಮಾಡುವುದೆ? ತೀರ್ಪು ಸಿಕ್ಕಿಬಿಡಲಿ, ಅವರ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತೇನೆ ಅಂದುಕೊಂಡಳು.

ಕೋರ್ಟಿನ ಹಳೆಯ ಕಡತಗಳ ಕೋಣೆ ನೋಡಿಕೊಳ್ಳುತ್ತಿದ್ದವನು ಕುಬಾತ್ ಎಂಬ ದಪ್ಪ ಮೀಸೆಯ ಮನುಷ್ಯ. ಅವಳು ನಂಬರ್ ಬರೆದ ಚೀಟಿ ಕೊಟ್ಟಳು. ಚೀಟಿ ನೋಡಿದ್ದೇ ಅವನು ಹುಬ್ಬೇರಿಸಿದ.

"ಈ ನಂಬರಿನಲ್ಲಿ ಏನಿದೆ ಮಾರಾಯ್ರೆ? ಎಲ್ರಿಗೂ ಇದೇ ಬೇಕು."

"ಎಲ್ರಿಗೂ ಅಂದ್ರೆ, ಬೈಕೆ?" ಅಂದಳು, ಅಣ್ಣಾ ಎನ್ನುವ ಹಾಗೆ.

"ಹೋದ ವಾರಾನೂ ಒಬ್ರು ಬಂದಿದ್ರು. ಇದೇ ನಂಬರು. ಇಡೀ ದಿನ ಕೂತು ಆ ವರ್ಷದ್ದನ್ನೆಲ್ಲ ಹುಡುಕಿಸಿದ್ರು. ನನ್ನ ಸೊಂಟ ಇನ್ನೂ ನೋಯ್ತಿದೆ."

ಮೆಲಿಸ್ ಇರಬೇಕು ಅನಿಸಿತು ಜಿಪಾರಾಗೆ. ಹಾಗಾದರೆ ಅವನಿಗೆ ಆಗಲೇ ಗೊತ್ತಾಗಿದೆ. ಸೋಮವಾರ ತುಂಬಿದ ಕೋರ್ಟಿನಲ್ಲಿ ಅಗಾಯ್ ಮಾನ ಹರಾಜು ಹಾಕಲು ಕಾದಿದ್ದಾನೆ.

ಕುಬಾತ್ ಕಡತ ತಂದು ಮೇಜಿನ ಮೇಲೆ ಹಾಕಿದ. ನಂಬರ್ ಅದೇ, ತಾರೀಖು ಅದೇ ತಿಂಗಳದು. ಒಳಗಿದ್ದದ್ದು ಮಾತ್ರ ಒಂದು ಹೆಣ್ಣು ಕುದುರೆ ತನ್ನದು ತನ್ನದು ಎಂದು ಇಬ್ಬರು ನೆರೆಯವರು ಆಡಿದ ಜಗಳ. ಹುಲ್ಲುಗಾವಲಿನ ಸುದ್ದಿಯೇ ಇರಲಿಲ್ಲ.

"ಅವರಿಗೂ ಇದೇ ಕುದುರೆ ತೋರಿಸ್ದೆ. ಪಾಪ, ಮುಖ ಬಿಳುಚಿಕೊಂಡಿತು. ಇಲ್ಲಿ ಒಂದು ಸಹಿ ಹಾಕಿ, ಬಂದವರ ಪುಸ್ತಕದಲ್ಲಿ."

ಸಹಿ ಹಾಕಲು ಬಗ್ಗಿದವಳು ಹಾಗೇ ನಿಂತಳು. ಮೇಲಿನ ಸಾಲಿನಲ್ಲಿದ್ದ ಸಹಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಅವಳ ಪದವಿ ಪ್ರಬಂಧದ ಮೊದಲ ಪುಟದಲ್ಲೂ ಅದೇ ಸಹಿ ಇತ್ತು.

"ವಯಸ್ಸಾದವರಾ, ಬೈಕೆ? ಊರುಗೋಲು ಹಿಡಿದು?"

"ಹೂಂ ಮತ್ತೆ. ಹೋಗುವಾಗ ಊರುಗೋಲು ಮರೆತೇ ಹೋಗಿದ್ರು. ನಾನೇ ಬಸ್ಸಿನ ತನಕ ಓಡಿ ಕೊಟ್ಟು ಬಂದೆ."

ಗುರುವಾರ ಬೆಳಿಗ್ಗೆ ಅವಳು ಬಾಗಿಲು ತಟ್ಟದೆ ಒಳಗೆ ಹೋದಳು. ಕುದುರೆಯ ಕಡತದ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಅಗಾಯ್ ಅದನ್ನು ಓದುವ ಗೋಜಿಗೆ ಹೋಗಲಿಲ್ಲ.

"ಹಲ್ಲುನೋವು ಹೇಗಿದೆ?" ಅಂದರು.

"ಹೋದ ವಾರ ನೀವೇ ಹೋಗಿದ್ರಿ. ಅಪ್‌ಡೇಟ್ ಬರೋಕೂ ಮುಂಚೆ. ಗೊತ್ತಿದ್ದೂ ಮೊನ್ನೆ ನನ್ನ ಮೇಲೆ ಕೂಗಾಡಿದ್ರಿ."

ಅವರು ಕಡತವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು. ಆ ವರ್ಷ ಬೇರೆ ಯಾವುದೋ ಕೆಲಸಕ್ಕೆ ಕೋಕ್-ದೊಬೊ ಕೋರ್ಟಿಗೆ ಹೋಗಿದ್ದರಂತೆ. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ ನ್ಯಾಯಾಧೀಶರು ಒಂದು ತೀರ್ಪನ್ನು ಬಾಯಲ್ಲಿ ಹೇಳಿದರಂತೆ. ಅದು ಅಷ್ಟು ಚೆನ್ನಾಗಿತ್ತೆಂದು ಇವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರಂತೆ, ಗುಮಾಸ್ತ ಹೇಳಿದ ನಂಬರನ್ನೂ. ಮರುವಾರ ಆ ನ್ಯಾಯಾಧೀಶರಿಗೆ ವರ್ಗವಾಯಿತು, ಕಕ್ಷಿಗಾರರು ರಾಜಿಯಾದರು, ತೀರ್ಪು ಕಾಗದದ ಮೇಲೆ ಬರಲೇ ಇಲ್ಲ. ಅಷ್ಟರಲ್ಲಿ ಪುಸ್ತಕ ಅಚ್ಚಾಗಿತ್ತು.

"ಈಗ ಪ್ರಕಾಶಕರು ಹೊಸ ಮುದ್ರಣಕ್ಕೆ ಎಲ್ಲ ತೀರ್ಪಿನ ಪ್ರತಿ ಕೇಳಿದ್ರು. ಅದಕ್ಕೇ ಹೋದೆ. ಎಲ್ಲೋ ಇರುತ್ತೆ ಅಂತ ಆಸೆ. ಕಿವಿಯಾರೆ ಕೇಳಿದ್ದೀನಿ ಮಗಳೇ."

"ನೋಟ್‌ಬುಕ್ ಎಲ್ಲಿದೆ ಅಗಾಯ್?"

"ಮನೆ ಬದಲಾಯಿಸುವಾಗ ಹೋಯ್ತು."

"ಆ ನ್ಯಾಯಾಧೀಶರು?"

"ತೀರಿಕೊಂಡ್ರು."

ಇಷ್ಟು ಅನುಕೂಲವಾಗಿ ಎಲ್ಲವೂ ಹೋಗಿಬಿಡುತ್ತದೆಯೆ, ಅಂದುಕೊಂಡಳು ಜಿಪಾರಾ. ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಮೂವತ್ತು ವರ್ಷ ವಿದ್ಯಾರ್ಥಿಗಳ ಮುಖ ಓದಿದವರು ಇವಳ ಮುಖ ಓದದೆ ಇರುತ್ತಾರೆಯೆ?

"ನೀನೂ ನಂಬಲಿಲ್ಲ," ಅಂದರು.

"ನಲವತ್ತೊಂದನ್ನ ತೆಗೀತೀನಿ. ಕಾನೂನಿನ ಸೆಕ್ಷನ್ನುಗಳ ಮೇಲೇ ವಾದ ನಿಲ್ಲಿಸೋಣ. ನಿಲ್ಲುತ್ತೆ. ನಾನು ಮೂರು ಸಲ ಓದಿದ್ದೀನಿ."

"ನಿನ್ನಿಷ್ಟ." ಅವಳು ತಿದ್ದಿ ತಂದ ಮೇಲ್ಮನವಿಗೆ ಅವರು ಒಂದಕ್ಷರವೂ ಓದದೆ ಸಹಿ ಹಾಕಿದರು. ಶುಕ್ರವಾರ ಅದು ಕೋರ್ಟಿಗೆ ಸೇರಿತು.

ಸೋಮವಾರ ಕೋರ್ಟಿನ ಮೊಗಸಾಲೆಯಲ್ಲಿ ಹಳ್ಳಿಯ ಹುಲ್ಲುಗಾವಲು ಸಮಿತಿಯ ಮುಖ್ಯಸ್ಥೆ ಬುರುಲ್ಕಾನ್ ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ಕಾದಿದ್ದಳು. ಒಣಗಿಸಿದ ಮೊಸರಿನ ಉಂಡೆಗಳನ್ನು ಜಿಪಾರಾಳ ಕೈಗೆ ತುರುಕಿ, "ಗೆಲ್ತೀವಲ್ಲ, ಅಕ್ಕಯ್ಯಾ? ಸೋತ್ರೆ ಕುರಿಗಳನ್ನ ನಿಮ್ಮ ಕಚೇರಿಗೇ ಹೊಡ್ಕೊಂಡು ಬರ್ತೀನಿ," ಅಂದಳು. ಅವಳ ಜೊತೆಯವರು ನಕ್ಕರು. ಜಿಪಾರಾ ಆ ಉಂಡೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಅವಳ ಕಣ್ಣು ಮೆಲಿಸ್‌ನ ಕೈಯಲ್ಲಿದ್ದ ದಪ್ಪ ಪುಸ್ತಕದ ಮೇಲಿತ್ತು. ಅದು ಅಗಾಯ್ ಅವರದೇ ಪಠ್ಯಪುಸ್ತಕ.

ಅಗಾಯ್ ಅರ್ಧ ಗಂಟೆ ವಾದಿಸಿದರು. ದನಿ ಗಟ್ಟಿಯಾಗಿತ್ತು, ಮಾತು ಎಲ್ಲೂ ತಡವರಿಸಲಿಲ್ಲ. ಆಮೇಲೆ ಮೆಲಿಸ್ ಎದ್ದ.

"ಗೌರವಾನ್ವಿತ ನ್ಯಾಯಾಲಯ ಒಂದು ವಿಚಿತ್ರ ಗಮನಿಸಬೇಕು. ಕೆಳಗಿನ ಕೋರ್ಟಿನಲ್ಲಿ ಇವರು ೨೦೧೨ರ ಒಂದು ತೀರ್ಪನ್ನ ಎತ್ತಿ ಎತ್ತಿ ತೋರಿಸಿದ್ರು. ಈಗ ಅದು ಮಂಗಮಾಯ! ಯಾಕೆ? ಯಾರೂ ಎತ್ತಿ ಹೇಳದ ಅದರ ಎರಡನೇ ಭಾಗ ಇವರಿಗೆ ವಿರುದ್ಧವಾಗಿದೆ. ಗುತ್ತಿಗೆಯಾದ ಒಂದು ವರ್ಷದೊಳಗೆ ಆಕ್ಷೇಪಿಸದಿದ್ರೆ ಹಳ್ಳಿಯ ಹಕ್ಕು ಹೋಗುತ್ತೆ. ಇವರು ಬಂದದ್ದು ಹದಿನಾಲ್ಕು ತಿಂಗಳಿಗೆ. ಇದನ್ನ ನಾನು ಹೇಳ್ತಿಲ್ಲ. ನನ್ನ ಗುರುಗಳ ಪುಸ್ತಕದ ನೂರಾ ಹದಿನೆಂಟನೇ ಪುಟ ಹೇಳ್ತಿದೆ." ಪುಸ್ತಕವನ್ನು ತೆರೆದು ನ್ಯಾಯಾಧೀಶೆಯ ಮುಂದಿಟ್ಟು, ಅಗಾಯ್ ಕಡೆ ತಿರುಗಿ ತಲೆಬಾಗಿದ.

ಜಿಪಾರಾಗೆ ಈಗ ಅರ್ಥವಾಯಿತು. ಅವನಿಗೆ ಏನೂ ಗೊತ್ತಿರಲಿಲ್ಲ. ಪುಸ್ತಕವನ್ನು ಎಲ್ಲರಂತೆ ಅವನೂ ನಂಬಿದ್ದ, ಅಷ್ಟೆ. ತಾನು ಉಲ್ಲೇಖ ತೆಗೆದದ್ದೇ ಅವನಿಗೆ ಅನುಮಾನ ಹುಟ್ಟಿಸಿತ್ತು. ಈಗ ಅಗಾಯ್ ಸುಮ್ಮನಿದ್ದರೆ ಅವರ ಹೆಸರು ಉಳಿಯುತ್ತದೆ, ಹಳ್ಳಿಯ ಹುಲ್ಲುಗಾವಲು ಹೋಗುತ್ತದೆ. ಅವಳು ಅವರ ಮುಖ ನೋಡಿದಳು. ಏನು ಮಾಡುತ್ತಾರೆಂದು ಹೇಳಲು ಹನ್ನೊಂದು ವರ್ಷದ ಒಡನಾಟವೂ ಸಾಲಲಿಲ್ಲ.

"ಮೇಲ್ಮನವಿದಾರರ ಪರ ಏನು ಹೇಳ್ತೀರಿ?" ಅಂತ ನ್ಯಾಯಾಧೀಶೆ ಕೇಳಿದರು. ಅವರೂ ಒಂದು ಕಾಲಕ್ಕೆ ಅಗಾಯ್ ಮುಂದೆ ಬೆಂಚಿನಲ್ಲಿ ಕೂತವರೇ.

ಅಗಾಯ್ ಊರುಗೋಲು ಊರಿ ಎದ್ದರು. ಬುರುಲ್ಕಾನ್ ಕೂತಿದ್ದ ಕಡೆ ಒಮ್ಮೆ ನೋಡಿದರು.

"ಆ ತೀರ್ಪು ಇಲ್ಲ," ಅಂದರು.

"ಅರ್ಥವಾಗಲಿಲ್ಲ."

"ಅಂಥ ತೀರ್ಪು ಕಾಗದದ ಮೇಲೆ ಎಲ್ಲೂ ಇಲ್ಲ. ಹೋಗಿ ಹುಡುಕಿದ್ದೀನಿ. ಆ ನಂಬರಿನಲ್ಲಿರೋದು ಒಂದು ಕುದುರೆಯ ದಾವೆ. ನೋಡದೆ ಬರೆದದ್ದು ನಾನು. ಕೆಳಗಿನ ಕೋರ್ಟಿನಲ್ಲಿ ತೋರಿಸಿದ್ದೂ ನಾನೇ. ನನ್ನ ಶಿಷ್ಯ ಮೆಲಿಸ್ ನನ್ನನ್ನ ನಂಬಿದ್ದಷ್ಟೇ ಅವನ ತಪ್ಪು." ಅಷ್ಟು ಹೇಳಿ ಕೂತರು. ಮೆಲಿಸ್ ಪುಸ್ತಕವನ್ನು ವಾಪಸ್ ತೆಗೆದುಕೊಳ್ಳುವುದೋ ಬಿಡುವುದೋ ತಿಳಿಯದೆ ಅದರ ಮೇಲೆ ಕೈ ಇಟ್ಟುಕೊಂಡೇ ನಿಂತ.

ಎರಡು ವಾರಕ್ಕೆ ತೀರ್ಪು ಬಂತು. ಗ್ರಾಮಸಭೆ ನಡೆಯದ ಕಾರಣ ಗುತ್ತಿಗೆ ರದ್ದು. ಬುರುಲ್ಕಾನ್ ಫೋನಿನಲ್ಲಿ ಕೂಗಿದ ಕೂಗಿಗೆ ಜಿಪಾರಾಳ ಕಿವಿ ಗುಂಯ್‌ಗುಟ್ಟಿತು. ಆದರೆ ಆ ಹೊತ್ತಿಗೆ ಊರಿನ ವಕೀಲರ ಬಾಯಲ್ಲೆಲ್ಲ ಬೇರೆಯದೇ ಮಾತಿತ್ತು. ಕಾಲೇಜು ಪುಸ್ತಕವನ್ನು ಪಾಠದಿಂದ ಕೈಬಿಟ್ಟಿತು. ಪ್ರಕಾಶಕರು ಹೊಸ ಮುದ್ರಣ ನಿಲ್ಲಿಸಿದರು. ಅಗಾಯ್ ಸನ್ನದು ಹಿಂದಿರುಗಿಸಿ ಮನೆಯಲ್ಲಿ ಕೂತರು. ಕಚೇರಿಯನ್ನು ಜಿಪಾರಾಳ ಹೆಸರಿಗೆ ಮಾಡಿಕೊಟ್ಟರು.

ವೆರಾಳ ಮುನಿಸು ಮಾತ್ರ ಬೇಗ ಇಳಿಯಲಿಲ್ಲ. ಜಿಪಾರಾ ಎರಡು ಸಲ ಕ್ಷಮೆ ಕೇಳಿದ ಮೇಲೆ, "ಕ್ಷಮೆ ಆಯ್ತು ಬಿಡು. ಆದ್ರೆ ಇನ್ಮೇಲೆ ಅಪ್‌ಡೇಟ್ ಹಾಕೋವಾಗ ನೀನು ಪಕ್ಕದಲ್ಲೇ ಕೂತಿರು. ನನಗೂ ನೆಮ್ಮದಿ, ನಿನಗೂ," ಅಂದಳು. ಹಾಗೆಂದವಳು ಕ್ಯಾರೆಟ್ಟಿನ ಡಬ್ಬಿಯನ್ನು ಇವಳ ಕಡೆ ತಳ್ಳಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಅಗಾಯ್ ತಾವೇ ಫೋನ್ ಮಾಡಿದರು. "ಪುಸ್ತಕದಲ್ಲಿ ಇನ್ನೂ ಮುನ್ನೂರ ಮೂವತ್ತು ಅಡಿಟಿಪ್ಪಣಿ ಇವೆ. ಒಂದೊಂದನ್ನೂ ನೋಡಿಬಿಡೋಣ. ಬರ್ತೀಯಾ ಮಗಳೇ?"

ಅವಳು ಭಾನುವಾರ ಭಾನುವಾರ ಹೋಗತೊಡಗಿದಳು. ಅಂಗಳದ ಏಪ್ರಿಕಾಟ್ ಮರದ ಕೆಳಗೆ ಮೇಜು ಹಾಕಿ, ಅವರ ಹೆಂಡತಿ ಬೊರ್ಸೋಕ್ ಕರಿದು ತಂದಿಟ್ಟು ಹೋಗುತ್ತಿದ್ದರು. ಅಗಾಯ್ ತೀರ್ಪಿನ ಹೆಸರು, ನಂಬರು, ತಾರೀಖು ಗಟ್ಟಿಯಾಗಿ ಓದುವರು. ಇವಳು ಕಂಪ್ಯೂಟರಿನಲ್ಲಿ ಹುಡುಕುವಳು.

"ಹಸಿರು," ಅನ್ನುವಳು. "ಹಸಿರು. ಹಳದಿ, ತಾರೀಖು ಒಂದು ದಿನ ಹೆಚ್ಚುಕಮ್ಮಿ. ಹಸಿರು."

ಪ್ರತಿ ಹಸಿರಿಗೂ ಮುದುಕರ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು. ಅದನ್ನು ಕಂಡು ಜಿಪಾರಾಗೆ ಸಂತೋಷವೂ ಆಗುತ್ತಿತ್ತು. ಆದರೂ ಅವರು ಹೊಸ ಹೆಸರು ಓದಿದಾಗಲೆಲ್ಲ, ಹುಡುಕುವ ಗುಂಡಿ ಒತ್ತುವುದಕ್ಕೆ ಮೊದಲು, ಅವಳ ಕಣ್ಣು ಒಮ್ಮೆ ಅವರ ಮುಖದ ಕಡೆ ಹೋಗಿ ಬರುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಅವರು ಪುಸ್ತಕದಿಂದ ತಲೆ ಎತ್ತದೆ ಮುಂದಿನದನ್ನು ಓದುತ್ತಿದ್ದರು.